ಗ್ಯಾಸ್ಪರೋ, ಟೆಸ್ಟೋರೆ, ಮೊಂತಾನ್ಯಾನ: ಮೂರು ಡಬಲ್ ಬಾಸ್‌ಗಳ ಜೊತೆ ಆರು ವಾರ

ಮೊದಲ ರಾತ್ರಿ ಡಬಲ್ ಬಾಸ್‌ನ ಇ ತಂತಿಯ ಮೇಲೆ ಕಮಾನು ಎಳೆದಾಗ ಅಡುಗೆಮನೆಯ ಶೆಲ್ಫಿನಲ್ಲಿದ್ದ ಸ್ಟೀಲ್ ತಟ್ಟೆಗಳು ಝಣಝಣ ಎಂದವು. ಅಷ್ಟು ದೊಡ್ಡ ಖರಜ ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಹುಟ್ಟಿರಲಿಲ್ಲ. ಕಮಾನು ಎತ್ತಿದ ಮೇಲೂ ದನಿ ಎದೆಗೂಡಿನೊಳಗೆ ಸ್ವಲ್ಪ ಹೊತ್ತು ನಿಂತೇ ಇತ್ತು. ಇದೇ ಬೇಕು ಎಂದು ಆಗಲೇ ಮನಸ್ಸಿನಲ್ಲಿ ತೀರ್ಮಾನಿಸಿಬಿಟ್ಟೆ. ಆರು ವಾರದ ಮೇಲೆ ದುಡ್ಡು ಕೊಟ್ಟು ಮನೆಗೆ ತಂದದ್ದು ಬೇರೆ ವಾದ್ಯವನ್ನು. ನಡುವೆ ಏನಾಯಿತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕೈಯಿಂದ ಮಾಡಿದ ಬಾಸ್ ಕೊಳ್ಳಲು ಹೊರಟವರಿಗೆ ಉಪಯೋಗವಾಗಬಹುದು; ಕೊಳ್ಳದವರಿಗೂ, ಇಷ್ಟು ದೊಡ್ಡ ಮರದ ಪೆಟ್ಟಿಗೆ ಹೇಗೆ ಮಾತಾಡುತ್ತದೆ ಎಂಬುದು ತಿಳಿದೀತು.

ನಾನು ಧಾರವಾಡದವಳು, ಮಿಲಾನ್‌ನಲ್ಲಿ ನೆಲೆಸಿ ಹದಿನಾಲ್ಕು ವರ್ಷ. ಒಂಬತ್ತು ವರ್ಷದ ಹಿಂದೆ ಸಂಜೆ ಶಾಲೆಯೊಂದರಲ್ಲಿ ಡಬಲ್ ಬಾಸ್ ಕಲಿಯಲು ಸೇರಿದೆ. ಈಗ ಹವ್ಯಾಸಿ ಆರ್ಕೆಸ್ಟ್ರಾ ಒಂದರ ಹಿಂದಿನ ಸಾಲಿನಲ್ಲಿ ನುಡಿಸುತ್ತೇನೆ. ವಯಲಿನ್ ಜೊತೆಗಾರರಲ್ಲಿ ಎಲ್ಲಕ್ಕಿಂತ ದೊಡ್ಡದು ಇದು: ಆಳೆತ್ತರವನ್ನೂ ಮೀರುತ್ತದೆ, ಹತ್ತು ಹನ್ನೆರಡು ಕಿಲೋ ತೂಗುತ್ತದೆ, ನಿಂತೋ ಎತ್ತರದ ಸ್ಟೂಲಿನ ಮೇಲೆ ಕೂತೋ ನುಡಿಸಬೇಕು. ನಾಲ್ಕು ತಂತಿ, ಕೆಳಗಿನಿಂದ ಇ, ಎ, ಡಿ, ಜಿ. ಒಂದರಿಂದ ಇನ್ನೊಂದಕ್ಕೆ ಸಾ–ಮ ಅಂತರ. ವಯಲಿನ್‌ನ ಹಾಗೆ ಸಾ–ಪ ಅಲ್ಲ. ಪಂಚಮದ ಅಂತರದಲ್ಲಿ ಶ್ರುತಿ ಮಾಡಿದರೆ ಇಷ್ಟುದ್ದದ ತಂತಿಯ ಮೇಲೆ ಬೆರಳು ಸಾಲುವುದಿಲ್ಲ.

ಇಷ್ಟು ವರ್ಷ ಬಾಡಿಗೆಯ ಪ್ಲೈವುಡ್ ಬಾಸ್‌ನಲ್ಲೇ ಕಾಲ ಹಾಕಿದ್ದೆ. ಪ್ಲೈವುಡ್ ಗಟ್ಟಿ, ಚಳಿಗೂ ಬಿಸಿಲಿಗೂ ಜಗ್ಗದು, ಕಲಿಯುವವರಿಗೆ ಒಳ್ಳೆಯದು. ಆದರೆ ಮೃದುವಾಗಿ ನುಡಿಸಿದರೂ ಜೋರಾಗಿ ನುಡಿಸಿದರೂ ಅದರ ದನಿಗೆ ಒಂದೇ ಬಣ್ಣ. ಕೈಯಲ್ಲಿ ಬಂದ ಭಾವ ತಂತಿಗೆ ಇಳಿದು ಹಲಗೆಯಲ್ಲಿ ಸತ್ತುಹೋಗುವುದನ್ನು ಎಷ್ಟು ದಿನ ಸಹಿಸುವುದು? ಉಳಿತಾಯ ಒಂದು ಹದಕ್ಕೆ ಬಂದ ಮೇಲೆ ಮಿಲಾನ್ ಸುತ್ತಲಿನ ಲೊಂಬಾರ್ದಿ ಪ್ರಾಂತ್ಯದ ಲ್ಯುತಾಯೋಗಳ ಬಾಗಿಲು ತಟ್ಟತೊಡಗಿದೆ. ತಂತಿವಾದ್ಯ ಮಾಡುವವರನ್ನು ಇಲ್ಲಿ ಲ್ಯುತಾಯೋ ಎನ್ನುತ್ತಾರೆ. ಮಿಲಾನ್‌ನಿಂದ, ವಯಲಿನ್ ತಯಾರಿಕೆಗೆ ಹೆಸರಾದ ಕ್ರೆಮೋನಾಕ್ಕೆ ಹೋಗುವ ರೈಲಿನ ಕಿಟಕಿಯಾಚೆ ಪೊಪ್ಲಾರ್ ಮರಗಳು ಸಾಲುಸಾಲಾಗಿ ನಿಂತಿರುತ್ತವೆ. ಆ ಮರದ ಮಾತು ಮುಂದೆ ಬರುತ್ತದೆ.

ಪ್ರತಿ ಕಾರ್ಯಾಗಾರದಲ್ಲೂ ಮೊದಲು ಕೇಳಿದ ಪ್ರಶ್ನೆ ಒಂದೇ: "ಯಾವ ಮಾದರಿ?" ಹೊಸ ಬಾಸ್ ಮಾಡುವವರು ಸಾಮಾನ್ಯವಾಗಿ ಹಳೆಯ ಇಟಾಲಿಯನ್ ಒಡಲೊಂದನ್ನು ಮುಂದಿಟ್ಟುಕೊಂಡೇ ಕೆಲಸ ಶುರುಮಾಡುತ್ತಾರೆ; ಗ್ಯಾಸ್ಪರೋ, ಟೆಸ್ಟೋರೆ, ಮೊಂತಾನ್ಯಾನ ಅಂಥ ಹಳೆಯ ತಯಾರಕರ ಹೆಸರುಗಳು. ವಯಲಿನ್ ಆದರೆ ನಕಲು ಎಂದರೇನು ಎಂಬುದು ಹೆಚ್ಚುಕಡಿಮೆ ಸ್ಪಷ್ಟ, ಅದರ ಅಳತೆ ಶತಮಾನಗಳ ಹಿಂದೆಯೇ ನಿಂತುಹೋಗಿದೆ. ಬಾಸ್‌ಗೆ ಅಂಥ ಒಂದು ಅಳತೆ ಇವತ್ತಿಗೂ ಇಲ್ಲ. ಒಬ್ಬ ಚೂಪು ಮೂಲೆಯ ವಯಲಿನ್ ಆಕಾರ ಕೊಟ್ಟ, ಇನ್ನೊಬ್ಬ ಗಾಂಬಾ ಎಂಬ ಹಳೆಯ ಕಮಾನು ವಾದ್ಯದ ಹಾಗೆ ಮೂಲೆಯನ್ನು ಒಳಕ್ಕೆ ಎಳೆದ. ಒಬ್ಬ ಬೆನ್ನಿಗೆ ಚಪ್ಪಟೆ ಹಲಗೆ ಹಾಕಿದ, ಮತ್ತೊಬ್ಬ ಕೆತ್ತಿ ಉಬ್ಬಿಸಿದ. ಹೆಚ್ಚಿನ ಹಳೆಯ ಬಾಸ್‌ಗಳು ಮೂರು ತಂತಿಯವು. ಆಮೇಲೆ ಕುತ್ತಿಗೆ ಬದಲಾಯಿತು, ನಾಲ್ಕನೆಯ ಬಿರಡೆ ಬಂತು, ಎಷ್ಟೋ ವಾದ್ಯಗಳ ಒಡಲನ್ನೇ ಕತ್ತರಿಸಿ ಚಿಕ್ಕದು ಮಾಡಿದರು. ಹೀಗಿರುವಾಗ 'ಗ್ಯಾಸ್ಪರೋ ಮಾದರಿ' ಎಂದರೆ ಯಾವ ಕಾಲದ ಗ್ಯಾಸ್ಪರೋ? ಹುಟ್ಟಿದಾಗ ಇದ್ದದ್ದೋ, ನೂರಾರು ವರ್ಷ ರಿಪೇರಿಯಾದ ಮೇಲೆ ಉಳಿದದ್ದೋ? ಪ್ರತಿಯೊಬ್ಬ ಲ್ಯುತಾಯೋ ಇದಕ್ಕೆ ತನ್ನದೇ ಉತ್ತರ ಕೊಡುತ್ತಾನೆ. ನನ್ನ ಅನುಭವದಲ್ಲಿ ಮಾದರಿಯ ಹೆಸರಿಗಿಂತ ಆ ಉತ್ತರವೇ ಮುಖ್ಯ.

ಹೋಲಿಕೆ ನ್ಯಾಯವಾಗಿ ನಡೆಯಲಿ ಎಂದು ಕೆಲವು ಕಟ್ಟುಪಾಡು ಹಾಕಿಕೊಂಡೆ. ಕಮಾನು ನನ್ನದೇ, ಅದಕ್ಕೆ ಹಚ್ಚುವ ರೋಸಿನ್ ನನ್ನದೇ. ತಂತಿಯೂ ನನ್ನದೇ ಒಂದು ಸೆಟ್ ಉಕ್ಕಿನದು. ಅದನ್ನೇ ಮೂರು ವಾದ್ಯಕ್ಕೂ ಸರದಿಯಲ್ಲಿ ಹಾಕಿಸಿದೆ. ಅಂಗಡಿಯಲ್ಲಿ ಒಂದಕ್ಕೆ ಕರುಳಿನ ತಂತಿ, ಇನ್ನೊಂದಕ್ಕೆ ಉಕ್ಕಿನದು ಇದ್ದರೆ ನೀವು ಹೋಲಿಸುವುದು ತಂತಿಯನ್ನೇ ಹೊರತು ಮರವನ್ನಲ್ಲ. ತಂತಿ ಬದಲಿಸುವಾಗ ಒಂದೊಂದಾಗಿ ಬಿಚ್ಚಬೇಕು. ನಾಲ್ಕನ್ನೂ ಒಟ್ಟಿಗೆ ಸಡಿಲಿಸಿದರೆ ಒಳಗೆ ಬರಿಯ ಒತ್ತಡದ ಮೇಲೆ ನಿಂತಿರುವ ಪುಟ್ಟ ಮರದ ಕಂಬ ಬಿದ್ದುಹೋಗಬಹುದು. ಆ ಕಂಬಕ್ಕೆ ಇಟಾಲಿಯನ್ನಿನಲ್ಲಿ ಅನಿಮಾ ಎಂದು ಹೆಸರು. ಅನಿಮಾ ಅಂದರೆ ಆತ್ಮ. ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡಿಗೆ ಕುದುರೆ ಎನ್ನುತ್ತಾರೆ; ಅದರ ಒಂದು ಕಾಲಿನ ಹತ್ತಿರ ನಿಂತು, ಮುಂದಿನ ಹಲಗೆಯ ಕಂಪನವನ್ನು ಬೆನ್ನಿಗೆ ಮುಟ್ಟಿಸುವುದು ಅನಿಮಾದ ಕೆಲಸ.

ನುಡಿಸಲು ಮೂರು ಭಾಗ ಆರಿಸಿಕೊಂಡೆ. ಬೀಥೋವನ್‌ನ ಐದನೆಯ ಸಿಂಫನಿಯ ಮೂರನೆಯ ಚಲನೆಯ ನಡುವೆ ಚೆಲ್ಲೋ ಮತ್ತು ಬಾಸ್‌ಗಳು ಒಟ್ಟಾಗಿ ಓಡುತ್ತಾ ಬರುವ ಭಾಗ ಮೊದಲನೆಯದು, ಅದು ಸ್ಪಷ್ಟತೆಯ ಪರೀಕ್ಷೆ. ಎರಡನೆಯದು ವೆರ್ದಿಯ 'ಒಟೆಲ್ಲೋ' ಒಪೆರಾದ ನಾಲ್ಕನೆಯ ಅಂಕದಲ್ಲಿ, ಒಟೆಲ್ಲೋ ಮಲಗುವ ಕೋಣೆಗೆ ಕಾಲಿಡುವಾಗ ಬಾಸ್‌ಗಳು ಮಾತ್ರ ನುಡಿಸುವ ಸಾಲು. ಬರಿ ಇ ತಂತಿಯಿಂದ ಹೊರಟು ಮೆಲ್ಲಗೆ ಮೇಲೇರುತ್ತದೆ. ವಾದ್ಯದ ಪಾದದಿಂದ ನೆತ್ತಿಯವರೆಗೆ ಎಲ್ಲೆಲ್ಲಿ ಬಿರುಕಿದೆ ಎಂದು ತೋರಿಸುವ ಇಂಥ ಇನ್ನೊಂದು ಭಾಗ ನನಗೆ ಗೊತ್ತಿಲ್ಲ. ಆ ಒಪೆರಾ ಮೊದಲು ನಡೆದದ್ದು ಮಿಲಾನ್‌ನ ಲಾ ಸ್ಕಾಲಾ ಒಪೆರಾ ಮನೆಯಲ್ಲೇ, 1887ರ ಫೆಬ್ರವರಿ 5ರಂದು. ಮೂರನೆಯದು ಬಾಸ್ ವಾದಕ ಬೊತ್ತೆಸಿನಿ ಬರೆದ ಎಲಿಜಿ, ಅಂದರೆ ಶೋಕಗೀತೆ: ತಂತಿಯ ಮೇಲ್ತುದಿಯಲ್ಲಿ ಬಾಸ್ ಹಾಡಬಲ್ಲದೇ ಎಂದು ನೋಡಲು.

ತಟ್ಟೆ ಅಲುಗಿಸಿದ್ದು ಗ್ಯಾಸ್ಪರೋ ಮಾದರಿಯ ಬಾಸ್. ಗಾರ್ದಾ ಸರೋವರದ ದಂಡೆಯ ಸಾಲೋ ಊರಿನಿಂದ ಬ್ರೆಶಾಕ್ಕೆ ಬಂದು, ಅಲ್ಲೇ ಕೆಲಸ ಮಾಡಿ 1609ರಲ್ಲಿ ತೀರಿಕೊಂಡ ಗ್ಯಾಸ್ಪರೋ ದ ಸಾಲೋನ ಹೆಸರು ಬಾಸ್ ಲೋಕದಲ್ಲಿ ದೊಡ್ಡದು. ಅದಕ್ಕೆ ಒಂದು ಮುಖ್ಯ ಕಾರಣ ವೆನಿಸ್‌ನ ದೊಮೆನಿಕೊ ದ್ರಾಗೊನೆತ್ತಿ. 1763ರಿಂದ 1846ರವರೆಗೆ ಬಾಳಿದ ಈ ಬಾಸ್ ವಾದಕ ಅರ್ಧಶತಮಾನ ಲಂಡನ್‌ನಲ್ಲಿ ಮೆರೆದರೂ ತನ್ನ ಗ್ಯಾಸ್ಪರೋ ಬಾಸನ್ನು ವೆನಿಸ್‌ನ ಸಂತ ಮಾರ್ಕನ ಬಸಿಲಿಕಾಕ್ಕೆ ಬರೆದಿಟ್ಟ. ನಾನು ಪರೀಕ್ಷೆಗೆಂದು ತಂದ ಈ ಮಾದರಿಯ ವಾದ್ಯಕ್ಕೆ ಗಾಂಬಾ ಮೂಲೆ, ಅಂಚಿನ ಸುತ್ತ ಬ್ರೆಶಾದವರ ಪದ್ಧತಿಯಂತೆ ಜೋಡಿ ಕಪ್ಪು ಗೆರೆ, ಕೆತ್ತಿ ಉಬ್ಬಿಸಿದ ಬೆನ್ನು. ಮುಂದಿನ ಹಲಗೆ ವಾಲ್ ದಿ ಫಿಯೆಮ್ಮೆ ಕಣಿವೆಯ ಸ್ಪ್ರೂಸ್. ಬೆನ್ನು ಮಾತ್ರ ಮೇಪಲ್ ಅಲ್ಲ, ಪೊಪ್ಲಾರ್, ರೈಲಿನಿಂದ ಕಾಣುವ ಅದೇ ಮರ. ಹಳೆಯ ಇಟಾಲಿಯನ್ನರು ದೊಡ್ಡ ವಾದ್ಯಗಳಿಗೆ ಪೊಪ್ಲಾರ್, ವಿಲೋದಂಥ ಸುಲಭವಾಗಿ ಸಿಗುವ ಮರ ಬಳಸುತ್ತಿದ್ದರು. ಮೇಪಲ್‌ಗಿಂತ ಅದು ಹಗುರ, ಮೆತ್ತಗೆ. ಕಮಾನು ತಾಗಿದ ಕೂಡಲೇ ದನಿ ಹರಡಿಬಿಡುತ್ತದೆ. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟ ಹಾಗೆ ಎಂದೇ ನನಗನ್ನಿಸಿತು.

ಆದರೆ ತಂತಿಯ ಉದ್ದ 107 ಸೆಂಟಿಮೀಟರ್. ಭುಜ ಅಗಲ. ನಾನು 160 ಸೆಂಟಿಮೀಟರ್ ಎತ್ತರದವಳು. ಬಾಸ್‌ನಲ್ಲಿ ಕೆಳಗಿನ ಸ್ಥಾನದಲ್ಲಿ ತೋರುಬೆರಳಿಗೂ ಕಿರುಬೆರಳಿಗೂ ನಡುವೆ ಒಂದು ಪೂರ್ಣ ಸ್ವರದ ಅಂತರ ಹಿಡಿಯಬೇಕು. 107 ಸೆಂಟಿಮೀಟರ್ ತಂತಿಯ ಮೇಲೆ ಎಫ್‌ನಿಂದ ಜಿಗೆ ಅದು ಸುಮಾರು 11 ಸೆಂಟಿಮೀಟರ್, 104ರಲ್ಲಿ 10.7. ಮೂರು ಮಿಲಿಮೀಟರ್ ಏನು ಮಹಾ ಎನ್ನಿಸಬಹುದು. ಎರಡು ಗಂಟೆಯ ರಿಹರ್ಸಲ್‌ನ ಕೊನೆಗೆ ಕಿರುಬೆರಳ ಬುಡ ಉರಿಯತೊಡಗಿದಾಗ ಅದರ ಲೆಕ್ಕ ಸಿಗುತ್ತದೆ. ಜೊತೆಗೆ ಎಳೆತ. ಅದೇ ತಂತಿಯನ್ನು ಅದೇ ಶ್ರುತಿಗೆ ಏರಿಸಿದರೆ 104ಕ್ಕಿಂತ 107ರಲ್ಲಿ ಹೆಚ್ಚುಕಡಿಮೆ ನೂರಕ್ಕೆ ಆರು ಪಾಲು ಹೆಚ್ಚು ಬಿಗಿಯುತ್ತದೆ. ಒತ್ತುವ ಬೆರಳಿಗೆ ಆ ಆರು ಪಾಲೂ ಗೊತ್ತಾಗುತ್ತದೆ. ಎಲಿಜಿ ನುಡಿಸುವಾಗ ಎಡತೋಳನ್ನು ಭುಜದ ಆಚೆ ಹಾಕಿ ಹೆಬ್ಬೆರಳನ್ನು ತಂತಿಯ ಮೇಲೆ ತರಬೇಕಲ್ಲ, ಆಗ ವಾದ್ಯವನ್ನು ತಬ್ಬಿಕೊಂಡು ಬಾವಿಗೆ ಬಗ್ಗಿದ ಹಾಗಾಯಿತು. ಪಕ್ಕೆಲುಬಿನ ಮೇಲೆ ಮೂರು ದಿನ ಕೆಂಪು ಗೆರೆ ಇತ್ತು.

ಭುಜವನ್ನು ಒಂದಿಷ್ಟು ಇಳಿಜಾರು ಮಾಡಿ ಇನ್ನೊಂದು ಕಟ್ಟಿಕೊಡುತ್ತೀರಾ ಎಂದು ಲ್ಯುತಾಯೋ ಅವರನ್ನು ಕೇಳಿದೆ. ಅವರು ಹಲಗೆಯ ಮೇಲೆ ಸೀಸದ ಕಡ್ಡಿಯಿಂದ ಗೆರೆ ಎಳೆದು ತೋರಿಸಿದರು: ಇಲ್ಲಿಂದ ಇಷ್ಟು ಕತ್ತರಿಸಿದರೆ ಒಳಗಿನ ಗಾಳಿ ಅಷ್ಟು ಕಡಿಮೆ, ಗಾಳಿ ಕಡಿಮೆಯಾದರೆ ಇ ತಂತಿಯ ಈ ಅಗಲ ಹೋಗುತ್ತದೆ. ನಿಮಗೆ ಇಷ್ಟವಾದದ್ದೂ ಕಷ್ಟವಾದದ್ದೂ ಒಂದೇ ಜಾಗದಲ್ಲಿದೆ ಎಂದರು. ಆ ಮಾತು ನನ್ನ ಜೊತೆ ಮುಂದಿನ ಎರಡು ವಾದ್ಯಗಳವರೆಗೂ ಬಂತು.

ಮೊಂತಾನ್ಯಾನ ಮಾದರಿಯನ್ನು ಎರಡನೆಯದಾಗಿ ತಂದೆ. ದೊಮೆನಿಕೊ ಮೊಂತಾನ್ಯಾನ 1686ರಿಂದ 1750ರವರೆಗೆ ಇದ್ದವನು. ವೆನಿಸ್‌ನಲ್ಲಿ ಅವನ ಅಂಗಡಿಯ ಗುರುತು 'ಕ್ರೆಮೋನಾ'. ಅವನ ಚೆಲ್ಲೋಗಳು ಅಗಲ ಹೆಚ್ಚು, ಉದ್ದ ಕಡಿಮೆ ಎಂದು ಹೆಸರಾದವು. ಆ ಗಿಡ್ಡ, ದುಂಡು ಮೈಕಟ್ಟನ್ನೇ ಈ ಬಾಸ್‌ಗೂ ಕೊಟ್ಟಿದ್ದರು. ಮೇಪಲ್ ಬೆನ್ನಿನಲ್ಲಿ ಅಡ್ಡಲಾಗಿ ಹರಿದ ಪಟ್ಟೆಗಳು ದೀಪ ಸರಿಸಿದಾಗ ನೀರಿನ ಹಾಗೆ ಕದಲುತ್ತಿದ್ದವು. ನೋಡಲು ಮೂರರಲ್ಲಿ ಇದೇ ಚೆಂದ, ಸಂಶಯವೇ ಇಲ್ಲ. ಎ ತಂತಿಯೂ ಇದರದ್ದೇ ಮೇಲು: ದಪ್ಪ, ಬೆಚ್ಚಗೆ, ಎಷ್ಟು ಒತ್ತಿದರೂ ಕಿರುಚದೆ ತುಂಬುತ್ತಾ ಹೋಗುತ್ತದೆ. ತಂತಿ 106 ಸೆಂಟಿಮೀಟರ್.

ತೊಂದರೆ ಬಂದದ್ದು ಡಿ ತಂತಿಯ ಜಿ ಸ್ವರದಲ್ಲಿ. ಅಲ್ಲಿ ಕಮಾನು ಎಳೆದರೆ ದನಿ ನಿಲ್ಲದೆ ಗುಡುಗುಡು ಎಂದು ನಡುಗುತ್ತದೆ. ತೋಳದ ಸ್ವರ ಎನ್ನುತ್ತಾರೆ ಇದಕ್ಕೆ. ತಂತಿ ಹಿಡಿಯುವ ಸ್ವರವೂ ಒಡಲಿನ ಸ್ವಂತ ಕಂಪನವೂ ಒಂದೇ ಜಾಗಕ್ಕೆ ಬಿದ್ದಾಗ ಎರಡೂ ಒಂದನ್ನೊಂದು ಎಳೆದಾಡುತ್ತವೆ. ಕೆತ್ತಿದ, ಚೆನ್ನಾಗಿ ಕಂಪಿಸುವ ವಾದ್ಯಗಳಲ್ಲಿ ಇದು ಎಲ್ಲಾದರೊಂದು ಕಡೆ ಇದ್ದೇ ಇರುತ್ತದೆ. ಎಲ್ಲಿ ಇದೆ ಎಂಬುದೇ ಪ್ರಶ್ನೆ. ಲ್ಯುತಾಯೋ ಬಂದು ಬಾಗಿದ ಉಕ್ಕಿನ ಸಲಾಕೆಯನ್ನು ಎಫ್ ಆಕಾರದ ರಂಧ್ರದಿಂದ ಒಳಗಿಳಿಸಿ, ಅನಿಮಾವನ್ನು ಎರಡು ಮಿಲಿಮೀಟರ್‌ನಷ್ಟು ತಟ್ಟಿ ಸರಿಸಿದರು. ಕಣ್ಣು ರಂಧ್ರದ ಮೇಲೆ, ಕಿವಿ ನನ್ನ ಕಮಾನಿನ ಮೇಲೆ. ಒಂದು ತಟ್ಟು, ಒಂದು ಸ್ವರ. ಮತ್ತೊಂದು ತಟ್ಟು, ಮತ್ತೊಂದು ಸ್ವರ. ಹೀಗೆ ನಲವತ್ತು ನಿಮಿಷ. ಕುದುರೆಯ ಕೆಳಗೆ ಉಳಿಯುವ ತಂತಿಯ ತುಂಡಿಗೆ ಪುಟ್ಟ ಹಿತ್ತಾಳೆಯ ತೂಕವನ್ನೂ ಕಟ್ಟಿದರು. ತೋಳ ಜಿಯಿಂದ ಜಿಗಿದು ಅದರ ಮೇಲಿನ ಅರ್ಧಸ್ವರದ ಅಂಚಿಗೆ ಹೋಗಿ ಕೂತಿತು. ತುಂಬ ಸುಧಾರಿಸಿತು, ಒಪ್ಪುತ್ತೇನೆ. ಆದರೆ ನುಡಿಸುವಾಗಲೆಲ್ಲ ಆ ಜಾಗಕ್ಕೆ ಬರುವ ಮುಂಚೆಯೇ ನನ್ನ ಕೈ ಹೆದರುತ್ತಿತ್ತು. ಹೆದರಿದ ಕೈಯಿಂದ ಸಂಗೀತ ಬರುವುದಿಲ್ಲ.

ನಡುವೆ ಒಂದು ದಿನ ಪನೋರ್ಮೋ ಮಾದರಿಯದೊಂದನ್ನು ಗಂಟೆಹೊತ್ತು ನುಡಿಸಿದೆ. ಪನೋರ್ಮೋ ಸಿಸಿಲಿಯಲ್ಲಿ ಹುಟ್ಟಿ ಲಂಡನ್‌ನಲ್ಲಿ 1813ರಲ್ಲಿ ತೀರಿಕೊಂಡವನು. ವಾದ್ಯ ಒಳ್ಳೆಯದಿತ್ತು, ನನ್ನ ಬಜೆಟ್ಟಿಗೆ ಮೀರಿದ್ದಿತ್ತು. ಅಲ್ಲಿಗೇ ಬಿಟ್ಟೆ.

ಟೆಸ್ಟೋರೆ ಮಾದರಿಯ ಮೇಲೆ ನನಗೆ ಮೊದಲಿನಿಂದಲೂ ಒಂದು ಮಮಕಾರ, ಅದನ್ನು ಮುಚ್ಚಿಡುವುದಿಲ್ಲ. ಕಚೇರಿಗೆ ಹೋಗುವಾಗ ದಿನವೂ ದುವೊಮೋ ಎಂಬ ದೊಡ್ಡ ಚರ್ಚಿನ ಹತ್ತಿರದ ವಿಯಾ ಲಾರ್ಗಾ ಬೀದಿ ದಾಟುತ್ತೇನೆ. ಟೆಸ್ಟೋರೆ ಮನೆತನದವರು ವಾದ್ಯದೊಳಗೆ ಅಂಟಿಸುತ್ತಿದ್ದ ಚೀಟಿಗಳಲ್ಲಿ ಇರುವ ವಿಳಾಸ ಅದೇ: ಮಿಲಾನ್, ಕೊಂತ್ರಾದಾ ಲಾರ್ಗಾ, ಹದ್ದಿನ ಗುರುತಿನ ಅಂಗಡಿ. ಈಗ ಅಲ್ಲಿ ಬಸ್ಸು, ಟ್ರಾಫಿಕ್ಕು. ಆ ಮನೆತನದ ಕಾರ್ಲೋ ಅಂತೋನಿಯೋ 1716ರಲ್ಲಿ ಮಾಡಿದ ಮೂರು ತಂತಿಯ ಬಾಸ್ ಮುಂದೆ ಜೊವಾನ್ನಿ ಬೊತ್ತೆಸಿನಿಯ ಕೈಗೆ ಬಂತು. ಬೊತ್ತೆಸಿನಿ 1821ರಲ್ಲಿ ಕ್ರೇಮಾದಲ್ಲಿ ಹುಟ್ಟಿದವನು. ಮಿಲಾನ್‌ನ ಸಂಗೀತ ಶಾಲೆಯಲ್ಲಿ ಆ ವರ್ಷ ಉಚಿತ ಸೀಟು ಉಳಿದಿದ್ದದ್ದು ಬಸೂನ್ ಎಂಬ ಊದುವಾದ್ಯಕ್ಕೆ ಮತ್ತು ಡಬಲ್ ಬಾಸ್‌ಗೆ ಮಾತ್ರ. ಹುಡುಗ ಬಾಸ್ ಆರಿಸಿಕೊಂಡ. ಆಮೇಲೆ ಅದೇ ಟೆಸ್ಟೋರೆ ಹಿಡಿದು ದೇಶದೇಶ ಸುತ್ತಿ, ಬಾಸ್ ಎಂದರೆ ಹಿಂದಿನ ಸಾಲಿನ ಗುಂಯ್‌ಗಾಟವಲ್ಲ ಎಂದು ತೋರಿಸಿಕೊಟ್ಟ. 1871ರಲ್ಲಿ ಕೈರೋದಲ್ಲಿ ವೆರ್ದಿಯ 'ಆಯಿದಾ' ಒಪೆರಾ ಮೊದಲ ಸಲ ನಡೆದಾಗ ಆರ್ಕೆಸ್ಟ್ರಾ ನಡೆಸಿದ್ದೂ ಅವನೇ.

ನಾನು ನುಡಿಸಿದ ನಕಲು ಚಪ್ಪಟೆ ಬೆನ್ನಿನದು, ಚೂಪು ಮೂಲೆಯದು, 104 ಸೆಂಟಿಮೀಟರ್ ತಂತಿ, ಕುತ್ತಿಗೆಯಿಂದ ಜಾರಿಬಿದ್ದಂಥ ಭುಜ. ತಂತಿ ಕಟ್ಟುವ ಕೆಳಗಿನ ತುಂಡು ಕೆಂಪು ಬಣ್ಣದ ಮರದ್ದಾಗಿತ್ತು. ಮುಟ್ಟಿದೊಡನೆ ಗುರುತು ಸಿಕ್ಕಿತು. ನಮ್ಮ ಅಜ್ಜನ ಮನೆಯ ಮಂಚದ ಕಾಲು ಇದೇ ಮರದ್ದು, ಬೀಟೆ. ಲ್ಯುತಾಯೋ ಅವರನ್ನು ಕೇಳಿದರೆ ಹೌದು, ಭಾರತದ್ದೇ ಎಂದರು. ಮಿಲಾನ್‌ನ ಬಾಸ್‌ನಲ್ಲಿ ಪಶ್ಚಿಮ ಘಟ್ಟದ ಕಡೆಯ ಮರ ಕೈಗೆ ಸಿಕ್ಕಿದ್ದಕ್ಕೆ ಒಂದು ಗಳಿಗೆ ಸುಮ್ಮನೆ ನಿಂತೆ.

ದನಿ ಮೊದಲ ದಿನ ಅಷ್ಟಾಗಿ ಹಿಡಿಸಲಿಲ್ಲ. ಜಿ ತಂತಿ ಮಾತ್ರ ನೇರ, ಸ್ವಲ್ಪ ಮೂಗಿನಿಂದ ಬಂದ ಹಾಗೆ, ಒಳ್ಳೆಯ ಗಂಡುದನಿಯ ಹಾಗೆ. ಎಲಿಜಿಯಲ್ಲಿ ತೋಳು ಭುಜದ ಆಚೆ ತಾನಾಗಿ ಇಳಿಯಿತು. ಮೊದಲ ಸಲ ಬಾಸ್‌ನ ಮೇಲ್ತುದಿಯಲ್ಲಿ ನನಗೆ ಉಸಿರಾಡಲು ಜಾಗ ಸಿಕ್ಕಿತು. ಬೀಥೋವನ್ ಓಟದಲ್ಲಿ ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ಹುರಿದ ಶೇಂಗಾ ಒಡೆದಂತೆ. ಇ ತಂತಿ ಮಾತ್ರ ಗ್ಯಾಸ್ಪರೋ ಕೇಳಿದ ಕಿವಿಗೆ ತೆಳುವೆನಿಸಿತು. ಚಪ್ಪಟೆ ಬೆನ್ನಿನ ಇನ್ನೊಂದು ಚಿಂತೆಯೂ ಇದೆ. ಒಳಗೆ ಅಡ್ಡಪಟ್ಟಿಗಳನ್ನು ಮರದ ಎಳೆಗೆ ಅಡ್ಡವಾಗಿ ಅಂಟಿಸಿರುತ್ತಾರೆ. ಹವೆ ಒಣಗಿದಾಗ ಬೆನ್ನಿನ ಹಲಗೆ ಅಗಲದಲ್ಲಿ ಕುಗ್ಗುತ್ತದೆ, ಅಡ್ಡಪಟ್ಟಿ ಕುಗ್ಗುವುದಿಲ್ಲ; ಎಳೆದಾಟದಲ್ಲಿ ಬಿರುಕು ಬೀಳಬಹುದು. ಕೆತ್ತಿದ ಬೆನ್ನಿಗೆ ಈ ಕಾಟ ಕಡಿಮೆ. ಅದಕ್ಕೆ ಮರವೂ ಹೆಚ್ಚು ಬೇಕು, ಉಳಿಯ ಕೆಲಸವೂ ಹೆಚ್ಚು, ಆದ್ದರಿಂದ ಬೆಲೆಯೂ ಹೆಚ್ಚು. ನನಗೆ ಹೇಳಿದ ಬೆಲೆ: ಗ್ಯಾಸ್ಪರೋ 27,000 ಯೂರೋ, ಮೊಂತಾನ್ಯಾನ 24,000, ಟೆಸ್ಟೋರೆ 21,000.

ಇಷ್ಟು ಆದಾಗ ನನ್ನ ಮನಸ್ಸಿನಲ್ಲಿ ಗ್ಯಾಸ್ಪರೋನೇ ಮುಂದಿತ್ತು, ಪಕ್ಕೆಲುಬು ನೊಂದರೂ ಸರಿ ಎಂದು. ಆಗ ಒಂದು ಲೆಕ್ಕ ಹಾಕಿ ನೋಡಿದೆ. ಬರಿ ಇ ತಂತಿಯ ಕಂಪನ ಸೆಕೆಂಡಿಗೆ 41 ಚಿಲ್ಲರೆ. ಅದರ ಒಂದು ಅಲೆಯ ಉದ್ದ ಎಂಟೂಕಾಲು ಮೀಟರ್‌ಗಿಂತ ತುಸು ಹೆಚ್ಚು. ಅರ್ಧ ಅಲೆ ಸುಮಾರು 4.2 ಮೀಟರ್. ಅಳತೆಪಟ್ಟಿ ಹಿಡಿದು ನಮ್ಮ ಹಾಲ್ ಅಳೆದರೆ ಸರಿಯಾಗಿ 4.2 ಮೀಟರ್ ಉದ್ದ! ಎರಡು ಗೋಡೆಗಳ ನಡುವೆ ಇ ಸ್ವರ ತೊಟ್ಟಿಲ ಹಾಗೆ ತೂಗುತ್ತಿತ್ತು. ತಟ್ಟೆ ಅಲುಗಿಸಿದ್ದರಲ್ಲಿ ಗ್ಯಾಸ್ಪರೋ ಪಾಲೆಷ್ಟು, ನಮ್ಮ ಗೋಡೆಯ ಪಾಲೆಷ್ಟು? ಮನೆಯಲ್ಲಿ ಬಾಸ್ ಪರೀಕ್ಷಿಸುವವರು ಮೊದಲು ಕೋಣೆಯ ಉದ್ದ ಅಳೆಯಿರಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಹೋಲಿಸುವುದನ್ನಂತೂ ಬಿಡಿ. ಅಷ್ಟು ಕೆಳಗಿನ ದನಿ ಆ ಪುಟ್ಟ ಸ್ಪೀಕರ್‌ನಿಂದ ಹೊರಬರುವುದೇ ಇಲ್ಲ.

ಹಾಗಾಗಿ ಮೂರೂ ಲ್ಯುತಾಯೋಗಳನ್ನು ಬೇಡಿಕೊಂಡು ಒಂದೇ ಭಾನುವಾರ ಮೂರು ಬಾಸ್‌ಗಳನ್ನೂ ನಮ್ಮ ಆರ್ಕೆಸ್ಟ್ರಾ ರಿಹರ್ಸಲ್ ಮಾಡುವ ಸಭಾಂಗಣಕ್ಕೆ ಸಾಗಿಸಿದೆ. ಇಪ್ಪತ್ತು ಮೀಟರ್ ಉದ್ದದ, ಎತ್ತರದ ಚಾವಣಿಯ ಜಾಗ. ಕೇಳಲು ಇಬ್ಬರು: ನಮ್ಮ ಬಾಸ್ ಸಾಲಿನ ಮುಖ್ಯಸ್ಥರು, ನಲವತ್ತು ವರ್ಷ ನುಡಿಸಿದ ಹಿರಿಯರು, ಮತ್ತು ಊರಿನಿಂದ ಬಂದಿದ್ದ ಅವ್ವ. ಅವ್ವ ಹುಡುಗಿಯಾಗಿದ್ದಾಗ ಧಾರವಾಡದಲ್ಲಿ ಎಂಟು ವರ್ಷ ಹಿಂದೂಸ್ತಾನಿ ಹಾಡಿಕೆ ಕಲಿತವಳು, ತಂಬೂರಿ ಒಂದು ಕೂದಲೆಳೆ ಇಳಿದರೂ ಅವಳಿಗೆ ಗೊತ್ತಾಗುತ್ತದೆ. ಇಬ್ಬರನ್ನೂ ಹದಿನೈದು ಮೀಟರ್ ದೂರದಲ್ಲಿ ನನಗೆ ಬೆನ್ನು ಹಾಕಿ ಕೂರಿಸಿದೆ. ಮೊದಲು ಮೊಂತಾನ್ಯಾನ, ಎರಡನೆಯದು ಗ್ಯಾಸ್ಪರೋ, ಮೂರನೆಯದು ಟೆಸ್ಟೋರೆ. ತಂತಿ ಬದಲಿಸಿ ಶ್ರುತಿ ನಿಲ್ಲುವವರೆಗೆ ಕಾಯಬೇಕಾದ್ದರಿಂದ ಇಡೀ ಮಧ್ಯಾಹ್ನ ಅಲ್ಲೇ ಹೋಯಿತು. ಅವ್ವ ಚೀಲದಿಂದ ಶೇಂಗಾ ಹೋಳಿಗೆ ತೆಗೆದು ಮುಖ್ಯಸ್ಥರಿಗೂ ಕೊಟ್ಟಳು.

ನುಡಿಸಿ ಮುಗಿಸಿದ ಮೇಲೆ ಕೇಳಿದೆ: "ಹೆಂಗಿತ್ತಬೇ ಅವ್ವಾ?"

"ಮೊದಲನೇದು ಮನಸ್ಸಿಗೆ ಹತ್ತಲಿಲ್ಲ. ಎರಡನೇದು ತಂಬೂರಿ ಇದ್ದಂಗ ಐತಿ ನೋಡು, ಸುತ್ತಮುತ್ತ ತುಂಬತೈತಿ. ಮೂರನೇದು ಮ್ಯಾಲೆ ಚಲೋ ಹಾಡತೈತಿ. ಆದ್ರ ಕೆಳಗಿನ ಸಾ ಸಣ್ಣ ಆತು. ನನ್ನ ಕೇಳಿದ್ರ ಎರಡನೇದು ತಗೋ."

ಮುಖ್ಯಸ್ಥರು ಹೇಳಿದ್ದು ಬೇರೆ. "ಎರಡನೆಯದರಲ್ಲಿ ಬೀಥೋವನ್ ನುಡಿಸಿದಾಗ ನೀವು ಎಂಟು ಸ್ವರ ಹಾಕಿದಿರಿ, ನನಗೆ ಕೇಳಿಸಿದ್ದು ಐದು. ಉಳಿದದ್ದು ಹೊಗೆ. ಮೂರನೆಯದರಲ್ಲಿ ಎಂಟೂ ಕೇಳಿಸಿದವು." ತೆಳುವಾದ ಇ ಬಗ್ಗೆ ಕೇಳಿದೆ. ಅವರು ನಮ್ಮ ಸಾಲಿನ ಖಾಲಿ ಸ್ಟೂಲುಗಳನ್ನು ತೋರಿಸಿದರು. ನಾವು ನಾಲ್ವರು ಬಾಸ್ ವಾದಕರು. ಉಳಿದ ಮೂವರದ್ದೂ ದೊಡ್ಡ ಒಡಲಿನ ವಾದ್ಯ. "ಇ ನಮ್ಮಲ್ಲಿ ಬೇಕಾದಷ್ಟಿದೆ. ಇಲ್ಲದಿರುವುದು ಉಚ್ಚಾರ."

ಆ ಮಾತು ನನ್ನ ತಲೆಯಲ್ಲೇ ಇರಲಿಲ್ಲ. ಮೂರು ವಾದ್ಯಗಳನ್ನು ಒಂದರ ಪಕ್ಕ ಒಂದಿಟ್ಟು ತೂಗುತ್ತಿದ್ದೆ. ನನ್ನ ಪಕ್ಕದಲ್ಲಿ ಯಾರು ಏನು ನುಡಿಸುತ್ತಾರೆ ಎಂದು ಯೋಚಿಸಿರಲಿಲ್ಲ. ಅವ್ವನ ಕಿವಿ ತಪ್ಪಲ್ಲ. ಒಬ್ಬಳೇ ಕೂತು ನುಡಿಸುವವಳಾಗಿದ್ದರೆ, ಅಥವಾ ಚೇಂಬರ್ ಗುಂಪಿನ ಒಂದೇ ಬಾಸ್ ನನ್ನದಾಗಿದ್ದರೆ, ಅವಳು ಹೇಳಿದ ಎರಡನೆಯದನ್ನೇ ಕೊಳ್ಳಬೇಕಿತ್ತು. ಬಾಸ್ ಸಾಲಿನಲ್ಲಿ ಎಲ್ಲರದ್ದೂ ಚಿಕ್ಕ ವಾದ್ಯವಾಗಿದ್ದರೂ ಅದೇ. ದೂರದಿಂದ ಕೇಳಿದಾಗ ಗ್ಯಾಸ್ಪರೋನ ಇ ನಿಜಕ್ಕೂ ಸುಂದರ. ಗೋಡೆಯ ಸಹಾಯವಿಲ್ಲದೆಯೂ ಅದು ಉಳಿದಿತ್ತು. ಮನೆಯಲ್ಲಿದ್ದ ಗುಡುಗು ಹೋಗಿ ನೆಲದಡಿ ನೀರು ಹರಿದ ಹಾಗಿತ್ತು ಎಂದು ಅವ್ವ ದಾರಿಯಲ್ಲಿ ಹೇಳಿದಳು. ಒಟೆಲ್ಲೋ ಸಾಲು ಅದರಲ್ಲಿ ಶುರುವಾಗಬೇಕು, ಟೆಸ್ಟೋರೆಯಲ್ಲಿ ಮುಗಿಯಬೇಕು. ಎರಡನ್ನೂ ಕೊಳ್ಳುವ ಶಕ್ತಿ ನನಗಿಲ್ಲ.

ಟೆಸ್ಟೋರೆ ಕೊಂಡೆ. ನನ್ನ ಎತ್ತರ, ನನ್ನ ತೋಳು, ನನ್ನ ಆರ್ಕೆಸ್ಟ್ರಾ, ಈ ಮೂರಕ್ಕೂ ಅದು ಹೊಂದಿತು. ಇ ತಂತಿಯೊಂದನ್ನು ಮಾತ್ರ ಬದಲಿಸಿ ಸ್ವಲ್ಪ ಹೆಚ್ಚು ಬಿಗಿಯದು ಹಾಕಿಸಿದೆ. 104 ಸೆಂಟಿಮೀಟರ್‌ನಲ್ಲಿ ಅದು ಬೆರಳಿಗೆ ಭಾರವಾಗುವುದಿಲ್ಲ, ದನಿಗೆ ಒಂದಿಷ್ಟು ಮೈ ಬಂತು. ಗ್ಯಾಸ್ಪರೋ ಅಲ್ಲ, ಆಗಲಾರದು. ಎಂಟು ತಿಂಗಳಲ್ಲಿ ಸ್ಪ್ರೂಸ್ ಕೂಡ ಸಡಿಲಗೊಂಡಿದೆ. ದಿನವೂ ನುಡಿಸಿದ ಹೊಸ ಮರ ದನಿ ಬಿಚ್ಚುತ್ತದೆ ಎನ್ನುವುದನ್ನು ಕೇಳಿ ಮಾತ್ರ ಗೊತ್ತಿತ್ತು, ಈಗ ಎ ತಂತಿಯಲ್ಲಿ ದಿನಾ ಕೇಳುತ್ತಿದ್ದೇನೆ.

ಫೆಬ್ರವರಿಯಲ್ಲಿ ಹೀಟರ್ ಉರಿಯುತ್ತಿದ್ದಾಗ ಕೋಣೆಯ ಗಾಳಿಯ ತೇವ ಶೇಕಡಾ 32ಕ್ಕೆ ಇಳಿದದ್ದನ್ನು ನಾನು ಗಮನಿಸಲಿಲ್ಲ. ಒಂದು ಬೆಳಿಗ್ಗೆ ಡಿ ತಂತಿ ನುಡಿಸಿದರೆ ಕೆಳಗಿನ ಅಂಚಿನಿಂದ ಜೇನುನೊಣದ ಹಾಗೆ ಝೇಂಕಾರ. ಅಂಚಿನ ಸುತ್ತ ಬೆರಳ ಗೆಣ್ಣಿನಿಂದ ತಟ್ಟುತ್ತಾ ಬಂದೆ, ಒಂದು ಕಡೆ ದನಿ ಟೊಳ್ಳಾಯಿತು: ಬೆನ್ನಿನ ಹಲಗೆ ಪಕ್ಕದ ಪಟ್ಟಿಯಿಂದ ನಾಲ್ಕು ಬೆರಳಷ್ಟು ಬಿಟ್ಟಿತ್ತು. ಎದೆ ಒಡೆದುಹೋಯಿತು. ಲ್ಯುತಾಯೋ ಮಾತ್ರ ಸಮಾಧಾನದಿಂದಲೇ ಹೇಳಿದರು. ಪ್ರಾಣಿಯ ಚರ್ಮದಿಂದ ಕಾಯಿಸಿದ ಅಂಟನ್ನು ಬಳಸುವುದೇ ಇದಕ್ಕಾಗಿ. ಮರ ಕುಗ್ಗಿದಾಗ ಮೊದಲು ಅಂಟು ಬಿಡಬೇಕು, ಹಲಗೆ ಸೀಳಬಾರದು. ತೆಳುವಾದ ಚಾಕುವಿನಿಂದ ಹಳೆಯ ಅಂಟು ಒರೆಸಿ, ಬೆಚ್ಚಗಿನ ಹೊಸ ಅಂಟು ಸೇರಿಸಿ, ಆರು ಕ್ಲ್ಯಾಂಪ್ ಬಿಗಿದು ರಾತ್ರಿಯಿಡೀ ಹಾಗೇ ಇಟ್ಟರು. ಮರುದಿನ ಸಂಜೆ ತಂದೆ. ಈಗ ಬಾಸ್ ಪಕ್ಕದಲ್ಲೇ ತೇವ ತೋರಿಸುವ ಮಾಪಕ ನೇತುಹಾಕಿದ್ದೇನೆ. 40ಕ್ಕಿಂತ ಇಳಿದರೆ ಗಾಳಿಗೆ ತೇವ ಸೇರಿಸುವ ಯಂತ್ರ ಹಚ್ಚುತ್ತೇನೆ, ಆಮೇಲೆ ಬಂದು ಇ ತಂತಿಯಿಂದಲೇ ಶ್ರುತಿ ಮಾಡಲು ಶುರುಮಾಡುತ್ತೇನೆ.